ಮಾಮಿ ಹತ್ತಿದ ಮೆಟ್ಟಿಲು

“ಪ್ರಾಗ್ ಪ್ಯಾಕೇಜಿನಲ್ಲಿ ಒಂದು ಹೆಸರು ಬದಲಾಯಿಸ್ಬೇಕಿತ್ತು...”

ಆ ಸ್ವರ ಕೇಳಿದ್ದೇ ಅಶ್ಮಿತಾಳ ಬೆರಳು ಕೀಬೋರ್ಡಿನ ಮೇಲೆ ನಿಂತುಹೋಯಿತು.

ತಲೆಯೆತ್ತಿದಳು. ತಿಲಕ್!

ರಜೆಯಲ್ಲಿ ಉಡುಪಿಗೆ ಹೋಗಿದ್ದಾಗ ಅವಳ ಬೆರಳಿಗೆ ಉಂಗುರ ತೊಡಿಸಿದವನು. ಗಲ್ಫಿಗೆ ಮರಳಿದ ಮೇಲೆ ಒಂದೇ ಮೆಸೇಜಿನಲ್ಲಿ ಅದನ್ನು ಕಳಚಿಸಿದವನು. ‘ಅಮ್ಮನಿಗೆ ಇಷ್ಟ ಇಲ್ಲ. ಕ್ಷಮಿಸು.’ ಅಷ್ಟೇ. ಆಮೇಲೆ ಫೋನೂ ಎತ್ತಿರಲಿಲ್ಲ.

ದುಬೈಯ ಅಲ್ ಮುರಕ್ಕಬಾತ್‌ನ ಈ ಟ್ರಾವೆಲ್ಸ್ ಆಫೀಸಿನಲ್ಲಿ ಯುರೋಪ್ ಟೂರುಗಳ ಡೆಸ್ಕ್ ಅಶ್ಮಿತಾಳದ್ದು. ಯಾವ ಊರಿನಲ್ಲಿ ಏನು ನೋಡಬೇಕು, ಎಲ್ಲಿ ಟ್ರಾಮ್ ಹತ್ತಬೇಕು, ಎಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕು... ಎಲ್ಲವನ್ನೂ ಜೋಡಿಸಿ ಕೊಡುವುದು ಅವಳ ಕೆಲಸ. ಅವಳು ಮಾತ್ರ ಅದರಲ್ಲಿ ಒಂದು ಊರನ್ನೂ ಕಂಡವಳಲ್ಲ. ಮೊದಲು ನೋಡುವ ಊರು ಚೆಕ್ ದೇಶದ ರಾಜಧಾನಿ ಪ್ರಾಗ್, ಅದೂ ಗಂಡನ ಜೊತೆಗೆ ಎಂದು ಕನಸು ಕಟ್ಟಿದ್ದಳು. ಮದುವೆಗೆ ಮೊದಲೇ ಹನಿಮೂನ್ ಬುಕ್ ಆಗಿತ್ತು. ಗಲ್ಫಿನವರ ಲೆಕ್ಕವೇ ಹಾಗೆ, ಮದುವೆ ಹಾಲ್‌ಗಿಂತ ಮೊದಲು ವೀಸಾ!

“ಯಾರ ಹೆಸರು ತೆಗೀಬೇಕು ಸರ್?”

ಆ ‘ಸರ್’ ಅವನಿಗೆ ಚುಚ್ಚಿತು. “ನಿನ್ನದು.”

“ಯಾರದ್ದು ಹಾಕ್ಬೇಕು?”

“ಜಲಜಾಕ್ಷಿ.”

ಅವನ ಅಮ್ಮ! ತನ್ನನ್ನು ಬೇಡ ಎಂದವರೇ ತನ್ನ ಸೀಟಿನಲ್ಲಿ ಕುಳಿತು, ತನ್ನ ಕನಸಿನ ಊರಿಗೆ!

“ಜರ್ಮನಿಗೆ ಅಕ್ಕನ ಮನೆಗೆ ಹೋದ ವೀಸಾ ಅಮ್ಮನಿಗೆ ಇನ್ನೂ ಉಂಟು, ಪ್ರಾಗ್‌ಗೂ ಅದೇ ಸಾಕು,” ತಿಲಕ್ ನೆಲ ನೋಡುತ್ತಾ ಹೇಳಿದ. “ಅಮ್ಮ ಈಗ ಇಲ್ಲಿಗೇ ಬಂದಿದ್ದಾರೆ. ಬುಕ್ ಆದದ್ದು ಹಾಳಾಗುವುದು ಬೇಡ ಅಂತ...”

“ಹೌದೌದು. ಹುಡುಗಿ ಹಾಳಾದ್ರೆ ತೊಂದರೆ ಇಲ್ಲ, ಟಿಕೆಟ್ ಹಾಳಾಗ್ಬಾರ್ದು!”

ಅವನು ಅಮ್ಮನ ಪಾಸ್‌ಪೋರ್ಟ್ ಪ್ರತಿಯನ್ನು ಮೇಜಿನ ಮೇಲಿಟ್ಟ. ಎದ್ದುಹೋದ.

ಪಕ್ಕದ ಡೆಸ್ಕಿನ ಶಹಲಾ ಕುರ್ಚಿ ಸರಿಸಿಕೊಂಡು ಬಂದಳು. “ಹನಿಮೂನಿಗೆ ತಾಯಿಯನ್ನು ಕರ್ಕೊಂಡು ಹೋಗುವ ಗಂಡಸನ್ನು ಇವತ್ತೇ ನೋಡಿದ್ದು ನಾನು! ಖಲಾಸ್, ಬಿಡು ಮಾರಾಯ್ತಿ. ನೀನು ಬಚಾವಾದೆ.”

ಅಶ್ಮಿತಾ ಅಳಲಿಲ್ಲ. ಪ್ರಾಗ್ ಪ್ಲಾನ್ ತೆರೆದಳು.

ಜಲಜಾಕ್ಷಿಯ ಬಲಗಾಲಿನ ಮೊಣಕಾಲು ನೋವು ಅವಳಿಗೆ ಗೊತ್ತಿತ್ತು. ನಿಶ್ಚಿತಾರ್ಥದ ಸಂಜೆ ಆ ಕಾಲಿಗೆ ಎಣ್ಣೆ ತಿಕ್ಕಿದವಳೇ ಅವಳು. ‘ಮಗಳ ಕೈಯೇ ಬೇರೆ’ ಎಂದು ಮಾಮಿ ಆಗ ಕಣ್ಣು ಮುಚ್ಚಿಕೊಂಡಿದ್ದರು... ಸುಳ್ಳು! ಎಲ್ಲ ನಾಟಕ!

ಗುಡ್ಡದ ಮೇಲಿನ ಅರಮನೆಗೆ ಹೋಗಲು ಟ್ರಾಮ್ ಇತ್ತು. ಅದನ್ನು ಅಳಿಸಿ, ಹಳೆಯ ಕಲ್ಲಿನ ಮೆಟ್ಟಿಲ ದಾರಿ ಹಾಕಿದಳು. ಗಡಿಯಾರದ ಗೋಪುರಕ್ಕೆ ಲಿಫ್ಟ್ ಇತ್ತು. ಅದನ್ನು ತೆಗೆದು, ಲಿಫ್ಟೇ ಇಲ್ಲದ ಚರ್ಚಿನ ಗೋಪುರ ಬರೆದಳು. ನದಿಯ ದೋಣಿ ಹೋಯಿತು. ಅದರ ಜಾಗಕ್ಕೆ ಉಬ್ಬುತಗ್ಗು ಕಲ್ಲು ಹಾಸಿದ ಹಳೆಯ ಸೇತುವೆಯ ಮೇಲೆ ನಡಿಗೆ ಬಂತು.

ಶಹಲಾ ಇಣುಕಿದಳು. “ಇದೆಂತ! ಪ್ರಾಯ ಆದವರ ಪ್ಲಾನಾ? ಈ ದಾರಿಯಲ್ಲಿ ಒಂಟೆ ಕೂಡ ಬೀಳ್ತದೆ!”

“ಕೆಲವರು ಬೀಳ್ಬೇಕು.”

ಶಹಲಾ ತನ್ನ ಡೆಸ್ಕಿಗೆ ಮರಳಿದಳು. ನೋವುಂಡವರ ಕೈಗೆ ಅಧಿಕಾರ ಕೊಡಬಾರದು ಎನ್ನುವುದು ಸುಮ್ಮನೆ ಅಲ್ಲ.

ಅವರು ಪ್ರಾಗ್‌ನಲ್ಲಿದ್ದ ದಿನಗಳಲ್ಲಿ ಅಶ್ಮಿತಾ ಸಂಜೆಯ ಕರಕ್ ಚಹಾ ಕುಡಿಯುತ್ತಾ ಗಡಿಯಾರ ನೋಡುತ್ತಿದ್ದಳು. ‘ಈಗ ಗೋಪುರ ಹತ್ತುತ್ತಿರಬಹುದು... ಏದುಸಿರು ಬಿಡ್ಲಿ. ಅರ್ಧ ದಾರಿಯಲ್ಲಿ ಕೂತು ಅಳ್ಲಿ!’ ಚಹಾ ಹಿಂದೆಂದೂ ಅಷ್ಟು ಸಿಹಿಯಾಗಿರಲಿಲ್ಲ.

ಟೂರು ಮುಗಿದ ಮರುವಾರ ಆಫೀಸಿನ ಗಾಜಿನ ಬಾಗಿಲನ್ನು ಯಾರೋ ಊರುಗೋಲಿನಿಂದ ತಳ್ಳಿದರು.

ಜಲಜಾಕ್ಷಿ! ಬಲಗಾಲಿಗೆ ತೊಡೆಯಿಂದ ಮೀನಖಂಡದವರೆಗೆ ಪಟ್ಟಿ. ಕೈಯಲ್ಲಿ ಒಂದು ಸಿಹಿತಿಂಡಿ ಡಬ್ಬ.

“ಇಲ್ಲೇ ಕೂತ್ಕೊಳ್ತೇನೆ ಮಗಳೇ. ನಿನ್ನನ್ನು ನೋಡ್ಲೇಬೇಕು ಅಂತ ಹಠ ಮಾಡಿ ಬಂದೆ. ತಿಲಕ್ ಪಾರ್ಕಿಂಗ್ ಹುಡುಕ್ತಾ ಇದ್ದಾನೆ. ಮುರಕ್ಕಬಾತ್‌ನಲ್ಲಿ ಪಾರ್ಕಿಂಗ್ ಸಿಗುವುದಕ್ಕಿಂತ ಹೆಣ್ಣು ಸಿಗುವುದು ಸುಲಭ!” ನಕ್ಕರು. ಆಮೇಲೆ ಯಾರ ಮುಂದೆ ಏನು ಹೇಳಿದೆ ಎಂದು ಅರಿವಾಗಿ ಡಬ್ಬವನ್ನು ಮೇಜಿನ ಮೇಲಿಟ್ಟರು.

“ಕಾಲಿಗೆ ಎಂತ ಆಯ್ತು... ಆಂಟಿ?” ‘ಮಾಮಿ’ ಎನ್ನುತ್ತಿದ್ದ ನಾಲಗೆ ಅದನ್ನು ನುಂಗಿಕೊಂಡಿತು.

“ಆ ಚರ್ಚಿನ ಗೋಪುರ ಇಳಿಯುವಾಗ ಜಾರಿತು. ಆಪರೇಷನ್ ಆಗ್ಬೇಕಂತೆ. ಆದ್ರೂ ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ರು. ಹೋಗ್ಲಿ... ಎಲ್ಲ ಹತ್ತಿದೆ ನಾನು! ಒಂದೂ ಬಿಡ್ಲಿಲ್ಲ!”

“ಯಾಕೆ ಹತ್ತಿದ್ರಿ? ಕೆಳಗೆ ಕೂರ್ಬಹುದಿತ್ತಲ್ಲ!”

“ತಿಲಕ್ ಕೂಡ ಬೈದ. ಆದ್ರೆ ಅದು ನೀನು ನಿಮ್ಮಿಬ್ಬರಿಗೆ ಅಂತ ಆಸೆಯಿಂದ ಬರೆದ ದಾರಿ ಅಲ್ವಾ? ನೀನಂತೂ ನಮ್ಮನ್ನು ಬೇಡ ಅಂದೆ. ನಿನ್ನ ಬದಲು ನಾನಾದ್ರೂ ನೋಡಿ ಬರುವ ಅಂತ...”

ಅಶ್ಮಿತಾ ಕುರ್ಚಿಯಿಂದ ಎದ್ದಳು.

“ನಾನು... ಬೇಡ ಅಂದೆನಾ?”

“ಅವನ ಕೆಲಸದ ಊರು ರುವೈಸ್‌ನ ಮರಳಿನಲ್ಲಿ ಬದುಕ್ಲಿಕ್ಕೆ ನಿನಗೆ ಮನಸ್ಸಿಲ್ಲ ಅಂತ ಅವನೇ ಹೇಳಿದ್ದು.”

“ನನಗೆ ಹೇಳಿದ್ದು ನಿಮಗೆ ಇಷ್ಟ ಇಲ್ಲ ಅಂತ!”

ಶಹಲಾಳ ಟೈಪಿಂಗ್ ನಿಂತಿತು. ಆ ಹೊತ್ತಿಗೇ ಬಾಗಿಲು ತೆರೆಯಿತು. ಕಾರಿನ ಕೀಲಿ ಹಿಡಿದು ನಿಂತ ತಿಲಕ್‌ಗೆ ಎರಡು ಮುಖ ನೋಡಿಯೇ ಎಲ್ಲ ತಿಳಿಯಿತು.

“ಬಾ ಮಗಾ,” ಜಲಜಾಕ್ಷಿಯ ಸ್ವರ ತಣ್ಣಗಿತ್ತು. “ಬೇಡ ಅಂದದ್ದು ಯಾರು?”

“ನಾನೇ ಅಮ್ಮ.” ಅವನು ಬಾಗಿಲಲ್ಲೇ ನಿಂತು ಹೇಳಿದ. “ರಜೆ ಮುಗಿಸಿ ಬಂದ ಕೂಡಲೇ ಕಂಪನಿಯವರು ಕೆಲಸ ಇಲ್ಲ ಅಂದ್ರು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡ್ಬೇಕು, ವೀಸಾನೂ ಕ್ಯಾನ್ಸಲ್. ಹೇಳಿದ್ರೆ ಇವಳು ನನ್ನನ್ನು ಬಿಡುವವಳಲ್ಲ. ನನ್ನ ಜೊತೆ ಮುಳುಗ್ತಾಳೆ ಅಂತ...”

“ಅದಕ್ಕೆ ನಿನ್ನ ಅಮ್ಮನನ್ನು ರಾಕ್ಷಸಿ ಮಾಡಿದೆ!” ಅಶ್ಮಿತಾ ಕೂಗಿದಳು. “ನಾನು ಅವರನ್ನು ಎಷ್ಟು ಶಪಿಸಿದೆ ಗೊತ್ತುಂಟಾ ನಿನಗೆ?”

“ಗೊತ್ತು. ಪ್ಲಾನ್ ನೋಡಿದಾಗಲೇ ಗೊತ್ತಾಯ್ತು. ನಮ್ಮದರಲ್ಲಿ ಟ್ರಾಮ್ ಇತ್ತು... ದೋಣಿ ಇತ್ತು.”

“ಗೊತ್ತಿದ್ದೂ ಹತ್ತಿಸಿದೆಯಾ!”

“ನಿಲ್ಲಿಸ್ಬೇಕಾದ್ರೆ ಎಲ್ಲ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ.”

“ಎಂತ ಟ್ರಾಮ್?” ಜಲಜಾಕ್ಷಿ ಒಬ್ಬರಿಂದ ಇನ್ನೊಬ್ಬರ ಕಡೆಗೆ ನೋಡಿದರು.

ಅಶ್ಮಿತಾ ಅವರ ಕಾಲ ಬಳಿ ಕುಸಿದಳು. “ಮಾಮಿ... ಅದು ನಮ್ಮ ದಾರಿ ಅಲ್ಲ. ನಿಮ್ಮ ಕಾಲು ನೋಯ್ಲಿ ಅಂತಲೇ ನಾನು ಬರೆದದ್ದು.”

ತಲೆಯ ಮೇಲೆ ಬರಬೇಕಿದ್ದ ಕೈ ಬರಲಿಲ್ಲ. ಜಲಜಾಕ್ಷಿ ಪಟ್ಟಿ ಕಟ್ಟಿದ ಮೊಣಕಾಲನ್ನೇ ನೋಡುತ್ತಿದ್ದರು.

“ನೀನು ಎಣ್ಣೆ ತಿಕ್ಕಿದ ಕಾಲು ಇದು...” ಹೇಳಿದರು. “ಒಂದೊಂದು ಮೆಟ್ಟಿಲಿಗೂ ನಿನ್ನ ಹೆಸರು ಹೇಳಿ ಹತ್ತಿದೆ ನಾನು.”

ಅಶ್ಮಿತಾ ಬಿಕ್ಕಿದಳು.

“ಅಳ್ಬೇಡ. ಒಬ್ಬ ಬಾಯಿಯಿಂದ ಕೊಂದ, ಒಬ್ಬಳು ಬೆರಳಿನಿಂದ. ನಿಮಗೆ ನೀವೇ ಸರಿ! ಬೇರೆಬೇರೆ ಮದುವೆಯಾಗಿ ಎರಡು ಮನೆ ಯಾಕೆ ಹಾಳು ಮಾಡ್ತೀರಿ? ಒಂದೇ ಹಾಳಾಗ್ಲಿ.” ಊರುಗೋಲು ಹಿಡಿದು ಎದ್ದರು. “ಆಪರೇಷನ್ ಆದ ಮೇಲೆ ಈ ಕಾಲಿಗೆ ಎಣ್ಣೆ ತಿಕ್ಕುವವಳು ನೀನೇ. ಕ್ಷಮಿಸುವ ಮಾತು ಆಮೇಲೆ ನೋಡುವ.”

“ಬನ್ನಿ ಅಮ್ಮ, ಸೋಫಾದಲ್ಲಿ ಕೂತು ಚಹಾ ಕುಡೀರಿ,” ಶಹಲಾ ಅವರ ತೋಳು ಹಿಡಿದಳು. “ಇವರಿಬ್ಬರಿಗೆ ಮಾಫಿ, ಚಹಾ ಇಲ್ಲವೇ ಇಲ್ಲ. ಇವತ್ತು ಉಪವಾಸವೇ ಒಳ್ಳೆಯದು!”

ಇಬ್ಬರೇ ಉಳಿದರು. ನಡುವೆ ಒಂದು ಮೇಜು.

“ನನ್ನ ಕೈಯಲ್ಲಿ ಏನೂ ಇಲ್ಲ ಅಶ್ಮಿತಾ. ವೀಸಾ ಕೂಡ.”

“ನನಗೆ ಉಂಟಲ್ಲ. ಮದುವೆಯಾಗಿ ನನ್ನ ವೀಸಾದಲ್ಲಿ ಇರು.”

“ಹೆಂಡತಿಯ ವೀಸಾದಲ್ಲಿ ಗಂಡನಾ? ಊರಿನವರು ನಗ್ತಾರೆ.”

“ನಗ್ಲಿ. ಅದೇ ನಿನಗೆ ಶಿಕ್ಷೆ.”

ಅವನು ಮೊದಲ ಸಲ ಅವಳ ಕಣ್ಣು ನೋಡಿದ. “ಆ ಸೇತುವೆಯಲ್ಲಿ ಒಂದು ಮೂರ್ತಿ ಉಂಟು. ಮುಟ್ಟಿದವರು ಮತ್ತೆ ಆ ಊರಿಗೆ ಬರ್ತಾರಂತೆ. ಅಮ್ಮ ಮುಟ್ಟಿದ್ರು.”

“ನೀನು?”

“ಇಲ್ಲ. ನೀನಿಲ್ಲದೆ ಮತ್ತೆ ಯಾಕೆ ಬರುವುದು ಅಂತ...”

ಅಶ್ಮಿತಾ ಸೋಫಾದ ಕಡೆ ನೋಡಿದಳು. ಜಲಜಾಕ್ಷಿ ಚಹಾ ಲೋಟ ಹಿಡಿದೇ, ನೋಯುವ ಕಾಲನ್ನು ಒಂದು ಕೈಯಿಂದ ಮೆಲ್ಲನೆ ಎತ್ತಿ ಸ್ಟೂಲಿನ ಮೇಲಿಡುತ್ತಿದ್ದರು.

“ಹೋಗುವ,” ಅಶ್ಮಿತಾ ಕಣ್ಣೊರೆಸಿಕೊಂಡಳು. “ಮಾಮಿಗೆ ನಡೀಲಿಕ್ಕೆ ಆದ ಮೇಲೆ. ಮೂವರೂ.”

“ಟ್ರಾಮಿನಲ್ಲಾ?”

“ಅವರು ಟ್ರಾಮಿನಲ್ಲಿ.” ಮೇಜಿನ ಮೇಲಿದ್ದ ಅವನ ಕೈಯನ್ನು ಹಿಡಿದಳು, ಬಿಗಿಯಾಗಿ. “ನಾವಿಬ್ಬರು ಮೆಟ್ಟಿಲಲ್ಲಿ.”