ಅಂಬಮ್ಮನ ಕೈಯೊಳಗಿನ ಪಟ್ಟಿ

ಮುರಿದದ್ದು ಬಲಗೈ. ಆತ ಮೆಲ್ಲಗೆ ಹಿಡಿದದ್ದು ಎಡಗೈ.

“ಅದಲ್ರಿ, ಈ ಕೈ ಮುರದೈತಿ,” ಎಂದಳು ಅಂಬಮ್ಮ ಗಾಬರಿಯಾಗಿ.

“ಗೊತ್ತೈತ್ರಿ. ನೆಟ್ಟಗಿದ್ದ ಕೈ ನೋಡಿದ್ರ, ಮುರದಿದ್ದು ಮೊದಲು ಹ್ಯಾಂಗಿತ್ತಂತ ತಿಳೀತೈತಿ.”

1955ರ ಮಾತು. ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರರ ಬಳಿಯಿದ್ದ, ಮುರಿದ ಎಲುಬಿಗೆ ಜೋಡಿಸಿ ಕೈಯೊಳಗೇ ಬಿಡುವ ಸ್ಟೀಲ್ ಪಟ್ಟಿ ಅಳತೆಕೋಲಿನಷ್ಟು ನೇರ. ಮುಂಗೈ ಎಲುಬಿಗೋ ಸಣ್ಣ ಬಾಗು. ಎಲುಬಿಗೆ ಕೂಡುವಂತೆ ಪಟ್ಟಿಯನ್ನು ಬಗ್ಗಿಸಲು ಅವರು ಊರಿನಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರ ಮೌನಪ್ಪನನ್ನು ಕರೆಸಿದ್ದರು. ಮೆತ್ತನೆಯ ಸೀಸದ ತಗಡನ್ನು ಅವಳ ಎಡ ಮುಂಗೈಗೆ ಒತ್ತಿ ಅವನು ಅಳತೆ ತೆಗೆದ. ಮರುದಿನ ಮತ್ತೆ ಬಂದ. ಮೂರನೆಯ ದಿನವೂ.

“ನಮ್ಮಪ್ಪನೂ ನಮ್ಮೂರು ಮಸ್ಕ್ಯಾಗ ಪತ್ತಾರನ. ಒಮ್ಮಿ ಅಳತಿ ತಗೊಂಡ್ರ ಸಾಕಂತಾನ,” ಎಂದು ಅವಳು ಕೆಣಕಿದಳು.

“ಬಂಗಾರಕ್ಕ ಸಾಕ್ರಿ. ಎಲುಬಿಗೆ ಸಾಲಂಗಿಲ್ಲ,” ಎಂದ. ಕಿವಿ ಕೆಂಪಾಗಿದ್ದವು.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲೂ ದಿನಾ ಸಂಜೆ ಬಾಗಿಲಲ್ಲೇ ನಿಂತು, “ನೋವು ಹ್ಯಾಂಗೈತ್ರಿ?” ಎಂದು ಕೇಳಿ ಹೋಗುತ್ತಿದ್ದ.

ಅವನು ವಿಚಾರಿಸುವುದು ತನ್ನ ಪಟ್ಟಿಯನ್ನೋ, ನನ್ನನ್ನೋ? ಅಂಬಮ್ಮನಿಗೆ ತಿಳಿಯಲಿಲ್ಲ. ಅವನ ಚಪ್ಪಲಿ ಸದ್ದಾದರೆ ಎಡಗೈಯಿಂದಲೇ ಕೂದಲು ಸರಿಮಾಡಿಕೊಳ್ಳುವಳು. ಮರುಕ್ಷಣವೇ ತನ್ನನ್ನು ತಾನೇ ಬೈದುಕೊಳ್ಳುವಳು. ಸಿಂಧನೂರಿನ ವರನೊಂದಿಗೆ ಲಗ್ನ ಗೊತ್ತಾಗಿತ್ತಲ್ಲ!

ಒಂದು ಮಧ್ಯಾಹ್ನ ಸಿಂಧನೂರಿನಿಂದ ಕಾಗದ ಬಂತು. ಕೈಯೊಳಗೆ ಲೋಹ ಇಟ್ಟುಕೊಂಡ ಹುಡುಗಿ ತಮಗೆ ಬೇಡವೆಂದು ಬರೆದಿದ್ದರು. ತಾಯಿ ಬಸ್ಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂಬಮ್ಮ ತನ್ನ ಕಣ್ಣೀರಿಗೆ ಕಾದಳು, ಬರಲಿಲ್ಲ.

ಸುದ್ದಿ ದವಾಖಾನೆ ತುಂಬ ಹರಡಿದ ಆ ಸಂಜೆಯಿಂದ ಮೌನಪ್ಪನೂ ಬರಲಿಲ್ಲ. ಒಂದು ದಿನವಲ್ಲ, ಎಂಟು ದಿನ. ಕೆಲಸ ಮುಗಿಯಿತೆಂದೋ? ಅವನಿಗೂ ನಾನು ಬೇಡವಾದೆನೋ? ಮುರಿದ ಲಗ್ನಕ್ಕೆ ಬಾರದ ಅಳು, ಬಾರದ ಈ ಮನುಷ್ಯನಿಗಾಗಿ ಯಾಕೆ ಬರುತ್ತಿದೆ?

ಊರಿಗೆ ಹೊರಟ ದಿನ ಬಸ್ಸಮ್ಮ ಮೊದಲೇ ಬಸ್ಸು ಹತ್ತಿ ಕುಳಿತಿದ್ದಳು. ಅಂಬಮ್ಮ ಮೆಟ್ಟಿಲಿಗೆ ಕಾಲಿಡುವಾಗ ಮೌನಪ್ಪ ಏದುಸಿರು ಬಿಡುತ್ತ ಓಡಿ ಬಂದ.

“ಪಾಪ ಅನಿಸಿ ಬಂದೀರೇನು?” ಅವಳ ದನಿ ಗಡುಸಾಗಿತ್ತು.

“ಅಲ್ರಿ. ನಾ ಮಾಡಿದ ಪಟ್ಟಿಯಿಂದ ನಿಮ್ಮ ಲಗ್ನ ಮುರೀತು. ನನಗ ಸಂಕಟ ಆಗಬೇಕಿತ್ತು.” ಅವನು ನೆಲ ನೋಡಿದ. “ಖುಷಿ ಆತ್ರಿ. ಎಂಥಾ ಮನಷ್ಯಾ ನಾನು ಅಂತ ನಾಚಿಕಿ ಬಂತು. ಅದಕ್ಕ ಮಾರಿ ತೋರಸಲಿಲ್ಲ.”

ಅಂಬಮ್ಮ ಅವನನ್ನೇ ನೋಡಿದಳು. ಇಷ್ಟು ದಿನ ತನ್ನೊಬ್ಬಳ ತಪ್ಪೆಂದುಕೊಂಡಿದ್ದನ್ನು ಇವನೂ ಹೊತ್ತುಕೊಂಡು ತಿರುಗಿದ್ದನಲ್ಲ!

“ಆ ಕಾಗದ ಬಂದಾಗ ನನಗೂ ಅಳು ಬರಲಿಲ್ಲರಿ,” ಎಂದಳು ಮೆಲ್ಲಗೆ.

ಡ್ರೈವರ್ ಹಾರ್ನ್ ಹೊಡೆದ. ಅವಳು ಒಂದು ಮೆಟ್ಟಿಲು ಮೇಲೇರಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಹತ್ತರಿ. ಮಸ್ಕಿ ಬರೋದ್ರಾಗ ಅವ್ವಗ ಹೇಳ್ರಿ. ಅಪ್ಪಗ ನಾ ಹೇಳ್ತೀನಿ.”