ವಿಭೂತಿ ಹಚ್ಚಿದ ಬೆಕ್ಕು

"ಉಗುಳೇ ಮಲ್ಲಿ, ಉಗುಳು ಅಂದ್ರೆ."

ಸುಷ್ಮಾ ಬೆಕ್ಕಿನ ಬಾಯಿಗೆ ಬೆರಳು ಹಾಕಿ ತಡಕಿದಳು. ನಾಲಿಗೆಯ ಮೇಲೆ ಮತ್ತದೇ ಮರಳು. ಕಕ್ಕ ಮಾಡಲೆಂದು ಬಾಲ್ಕನಿಯ ಟ್ರೇಯಲ್ಲಿ ಹಾಕಿಟ್ಟ ಲಿಟರ್ ಮರಳನ್ನು ಮಲ್ಲಿ ನಾಲ್ಕು ದಿನದಿಂದ ಕಟಕಟ ಅಗಿದು ತಿನ್ನುತ್ತಿತ್ತು. ಸುಷ್ಮಾಗೆ ರೇಗಿಹೋಯಿತು. ಸ್ಕೇಲ್ ತಂದು ಬೆನ್ನಿಗೆ ಒಂದು ಬಿಟ್ಟಳು. ಮಲ್ಲಿ ಓಡಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿಕೊಂಡಿತು.

"ತಟ್ಟೆ ತುಂಬ ಹಾಲನ್ನ ಇಟ್ಟಿದೀನಿ. ಇದಕ್ಕೆ ಮಣ್ಣೇ ಬೇಕಂತೆ, ನೋಡಜ್ಜಿ."

ಪೂಜೆ ಮುಗಿಸಿ ಬಂದ ಅಜ್ಜಿ ಪ್ರೇಮಲೀಲಾ, ದಿನಾ ಮಾಡುವಂತೆ, ಮೊಮ್ಮಗಳ ಹಣೆಗೂ ಬೆಕ್ಕಿನ ಹಣೆಗೂ ವಿಭೂತಿ ಹಚ್ಚಿದರು. "ಯಾರ ಕಣ್ಣು ಬಿತ್ತೋ ಏನೋ ಕಣಮ್ಮ."

ಕಣ್ಣು ಬೀಳುವಂಥ ಬೆಕ್ಕೇ ಅದು. ಅಗ್ರಹಾರದ ಆ ಬೀದಿಯಲ್ಲಿ ಅದಕ್ಕೆ ದೊಡ್ಡ ಹೆಸರು. ಸುಷ್ಮಾ ಕ್ಲಾಸಿನಲ್ಲೂ ಜಂಬ ಕೊಚ್ಚಿದ್ದಳು. "ನಮ್ ಬೆಕ್ಕು ಪ್ಯೂರ್ ವೆಜ್ ಕಣ್ರೇ. ಇಲೀನೂ ಮುಟ್ಟಲ್ಲ."

ಮುಟ್ಟುವುದಾದರೂ ಹೇಗೆ? ಕೆಳಗಿನ ಮನೆಯ ದೇವಿರಮ್ಮ ಮೀನು ತಂದ ದಿನ ಮಲ್ಲಿ ಬಾಗಿಲು ಕೆರೆಯುತ್ತಿತ್ತು. ಸುಷ್ಮಾ ಚಿಲಕ ಹಾಕಿ, ಬುದ್ಧಿ ಹೇಳಿ, ಮೊಸರನ್ನ ಬಡಿಸುತ್ತಿದ್ದಳು.

ಸಂಜೆ ಅಪ್ಪ ಮಗಳನ್ನೂ ಬೆಕ್ಕನ್ನೂ ಸ್ಕೂಟರಿನಲ್ಲಿ ಪಶು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಮಲ್ಲಿಯ ತುಟಿ ಎತ್ತಿದರು. ವಸಡು ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು.

"ಊಟಕ್ಕೆ ಏನ್ ಹಾಕ್ತೀಯಮ್ಮ?"

"ಹಾಲನ್ನ, ಮೊಸರನ್ನ. ಹಬ್ಬ ಬಂದ್ರೆ ತುಪ್ಪ."

"ಮೈಯಲ್ಲಿ ರಕ್ತಾನೇ ಇಲ್ಲ ಇದಕ್ಕೆ. ಅದಕ್ಕೇ ಮರಳು ತಿಂತಿದೆ. ಮೀನು, ಮಾಂಸ ಇಲ್ದೆ ಬೆಕ್ಕು ಬದುಕಲ್ಲಮ್ಮ. ಟಾನಿಕ್ ಕೊಡ್ತೀನಿ. ಆದ್ರೆ ಮೊದ್ಲು ಊಟ ಬದ್ಲಾಯ್ಸಿ."

ಮನೆಗೆ ಬಂದು ಹೇಳಿದಾಗ ಅಜ್ಜಿ ಆಗದೆಂದು ತಲೆಯಾಡಿಸಿದರು. "ಲಿಂಗಪೂಜೆ ಆಗೋ ಮನೆ ಇದು. ಮಾಂಸ ಬರಕೂಡ್ದು. ಪ್ಯಾಕೆಟ್ಟಲ್ಲೂ ಬರಕೂಡ್ದು."

"ಹಾಗಾದ್ರೆ ಮಲ್ಲಿ ಸತ್ತೋಗ್ಲಾ ಅಜ್ಜಿ?"

ಅಜ್ಜಿಯ ಕಣ್ಣು ತುಂಬಿತು. ಮಾತು ಮಾತ್ರ ಬದಲಾಗಲಿಲ್ಲ. "ದೇವಿರಮ್ಮಂಗೆ ಕೊಟ್ಬುಡು."

ಸುಷ್ಮಾ ಅಪ್ಪನ ಕಡೆ ನೋಡಿದಳು. ಅಪ್ಪ ಟಾನಿಕ್ ಬಾಟಲಿಯ ಮೇಲಿನ ಅಕ್ಷರ ಓದುತ್ತಿದ್ದರು.

ಅವಳೇ ಬೆಕ್ಕನ್ನು ಎತ್ತಿಕೊಂಡು ಕೆಳಗಿಳಿದಳು. ಅಳು ಒತ್ತರಿಸಿ ಬರುತ್ತಿತ್ತು.

"ತಾ ಮಗ," ಎಂದು ದೇವಿರಮ್ಮ ಕೈಚಾಚಿದರು. "ಎಷ್ಟ್ ಸಲ ನಿಮ್ ಕಣ್ ತಪ್ಸಿ ಮೆಟ್ಲು ಇಳ್ಕೊಂಡು ಬಂದಿತ್ತು ಗೊತ್ತಾ? ನಿಮ್ಮನೇರು ಬೇಜಾರ್ ಮಾಡ್ಕೋತಾರೆ ಅಂತ ನಾನೇ ಓಡಿಸ್ಬುಡ್ತಿದ್ದೆ."

ಮೂರು ವಾರ ಕಳೆಯಿತು. ಒಂದು ಭಾನುವಾರ ಸುಷ್ಮಾ ಹಾಲನ್ನ ಕಲಸಿ ಕೆಳಗೆ ಒಯ್ದಳು. ಮಲ್ಲಿ ಕಾಂಪೌಂಡ್ ಮೇಲೆ ಓಡಾಡುತ್ತಿತ್ತು. ಆಕಳಿಸಿದಾಗ ವಸಡು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಂಡಿತು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅದು ಇಳಿದು ಬಂದು ಅವಳ ಕಾಲಿಗೆ ಮೈ ಉಜ್ಜಿತು, ತಟ್ಟೆ ಮೂಸಿತು, ಆಮೇಲೆ ದೇವಿರಮ್ಮನ ಅಡುಗೆಮನೆಗೆ ಹೊರಟುಹೋಯಿತು.

ಸುಷ್ಮಾ ತಟ್ಟೆ ಹಿಡಿದು ಮೇಲೆ ಬಂದಳು. ಬಾಲ್ಕನಿಯಲ್ಲಿ ಇನ್ನೂ ಒಡೆಯದ ಲಿಟರ್ ಪ್ಯಾಕೆಟ್ ಇತ್ತು. ಅದನ್ನು ಒಡೆದು ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡಳು. ಬಾಯೆಲ್ಲ ಒಣಗಿ, ಗಂಟಲಿಗೆ ದೂಳು ಹತ್ತಿತು. ತಕ್ಷಣ ಉಗುಳಿದಳು.

ಹಾಲನ್ನದ ತಟ್ಟೆ ಪಕ್ಕದಲ್ಲೇ ಇದ್ದರೂ ಮಲ್ಲಿ ಇದನ್ನು ತಿಂದಿತ್ತು. ಅದಕ್ಕೆ ಹಸಿವಾಗಿತ್ತು. ಹಸಿದದ್ದಕ್ಕೆ ಅವಳು ಹೊಡೆದಿದ್ದಳು.