ಯಾರ್ಯಾರು ಕೂತಿದ್ದೀರಿ?

"ಮೆಷಿನ್ ನಿಲ್ಲಿಸಿ, ಪ್ಲೀಸ್!"

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಷಿನ್‌ಗಳು ಒಂದಕ್ಕೊಂದು ಪೈಪೋಟಿಗೆ ಬಿದ್ದಂತೆ ಓಡುತ್ತಿದ್ದವು. ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ. ಕೈಯಲ್ಲಿ ಮೈಕು, ಕುತ್ತಿಗೆಯಲ್ಲಿ ಹೆಡ್‌ಫೋನು. ಯಾರೂ ತಲೆ ಎತ್ತಲಿಲ್ಲ.

ಕಟಿಂಗ್ ಟೇಬಲಿನ ಹಿಂದಿದ್ದವಳು ಮಾತ್ರ ಎತ್ತಿದಳು. ಅವಳ ಕೈಯಲ್ಲಿ ಮೊಳದುದ್ದದ ಕತ್ತರಿಯಿತ್ತು.

"ಯಾಕೆ ನಿಲ್ಲಿಸ್ಬೇಕು?"

"ಸದ್ದು ಬರುತ್ತೆ. ನಾನು ರೇಡಿಯೋದಿಂದ ಬಂದಿದ್ದೀನಿ. ಇಲ್ಲಿರೋ ಅಜ್ಜಿ ಹಳೇ ಕಥೆ ಹೇಳ್ತಾರಂತೆ, ರೆಕಾರ್ಡ್ ಮಾಡ್ಬೇಕು."

"ಸೋಮವಾರಕ್ಕೆ ಒಂದು ಶಾಲೆಯ ಯೂನಿಫಾರ್ಮ್ ಪೂರ್ತಿ ಹೊಲಿದು ಕೊಡ್ಬೇಕು. ಮಕ್ಕಳು ನಿಮ್ಮ ರೆಕಾರ್ಡಿಂಗ್ ಹಾಕ್ಕೊಂಡು ಹೋಗ್ಲಾ?"

ಕೋಣೆ ಘೊಳ್ಳೆಂದು ನಕ್ಕಿತು. ಅವನ ಕಿವಿ ಕೆಂಪಾಯಿತು. ಆದರೆ ಹೋಗಲಿಲ್ಲ! ಚಪ್ಪಲಿ ಬಿಟ್ಟು ಒಳಗೆ ಬಂದ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಮೈಕನ್ನು ಅವರ ಬಾಯಿಯ ಹತ್ತಿರಕ್ಕೆ ಹಿಡಿದ.

'ಹಟಮಾರಿ…' ಅಂದುಕೊಂಡಳು ಅವಳು. ಕತ್ತರಿಯ ಕೆಳಗೆ ಬಟ್ಟೆ ಕೊಂಚ ಸೊಟ್ಟಗೆ ಹೋಯಿತು. ಹಾಗೆ ಹೋಗಿದ್ದು ಬಹಳ ದಿನಗಳ ಮೇಲೆ.

ಅವಳನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುವುದೇ 'ಕತ್ತರಿ' ಎಂದು. ಅದು ಕೆಲಸದಿಂದ ಬಂದ ಹೆಸರೋ, ನಾಲಿಗೆಯಿಂದ ಬಂದದ್ದೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಅಂಗಡಿ ಅವಳ ಚಿಕ್ಕಪ್ಪನದು. ಅಜ್ಜಿ ಚಿಕ್ಕಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿದ್ದರಿಂದ ಅಜ್ಜಿಗೆ ಈಗ ಹೊಲಿಯಲು ಆಗುತ್ತಿರಲಿಲ್ಲ. ಬೆರಳಿಂದಲೇ ತಡವಿ ಕಚ್ಚಾ ಹೊಲಿಗೆಯ ದಾರ ಕಿತ್ತು ತೆಗೆಯುತ್ತಾ ಕಥೆ ಹೇಳುತ್ತಿದ್ದರು. ಕಥೆ ಇದ್ದ ದಿನ ಗುಂಡಿ ಹೊಲಿಯುವವರ ಕೈ ಬೇಗ ಓಡುತ್ತಿತ್ತು.

"ಯಾರ್ಯಾರು ಕೂತಿದ್ದೀರಿ ಇವತ್ತು?" ಎಂದು ಕೇಳಿಯೇ ಅಜ್ಜಿ ಕಥೆ ಶುರು ಮಾಡುವುದು. ಎಲ್ಲರೂ ಕೂತಲ್ಲಿಂದಲೇ ಕೂಗಿ ಹೇಳಬೇಕು.

"ನಾನು, ಗುಂಡಿಯಕ್ಕ!"

"ನಾನು, ಕತ್ತರಿ."

"ಮತ್ತೆ ಈ ಹೊಸ ಉಸಿರು ಯಾರದ್ದು?"

"ನಾನು… ರೇಡಿಯೋದವನು, ಅಜ್ಜಿ."

"ರೇಡಿಯೋ ಅಂದ್ರೆ ಬರೀ ಮಾತಾಡುತ್ತೆ. ಕೇಳೋಕೂ ಬರುತ್ತಾ ನಿನಗೆ?"

ಮತ್ತೆ ನಗು. ಅಂದಿನಿಂದ ಅವನು ಎಲ್ಲರ ಬಾಯಲ್ಲೂ 'ರೇಡಿಯೋ' ಆದ.

ಅವನಿಗೆ ಬೇಕಾಗಿದ್ದದ್ದು ಬೆಂಕಿ ತಂದ ಹುಡುಗಿಯ ಕಥೆ. ಮನೆಯ ಒಲೆ ಆರಿಹೋಗಿದೆ. ಮಲತಾಯಿ ಹುಡುಗಿಯನ್ನು ಹೊಳೆಯಾಚೆ ರಾಕ್ಷಸಿಯ ಮನೆಗೆ ಬೆಂಕಿ ತರಲು ಕಳಿಸುತ್ತಾಳೆ. ಹೋದವಳು ಬರುವುದಿಲ್ಲ ಎಂಬ ಆಸೆಯಿಂದ. ಹುಡುಗಿ ರಾಕ್ಷಸಿಯ ಬಾಗಿಲು ತಟ್ಟುತ್ತಾಳೆ, ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು ಹೊರಡುತ್ತಾಳೆ… ಅಲ್ಲಿಂದ ಮುಂದಿನದು ಕಥೆಯ ಕೊನೆ.

ಒಂದೇ ಕಥೆಯನ್ನು ಬೇರೆ ಬೇರೆ ದಿನ ಹೇಳಿಸಿ, ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುವುದು ಅವನ ಪದ್ಧತಿ. ಆದ್ದರಿಂದ ಮತ್ತೆ ಮತ್ತೆ ಬಂದ. ಕಾರಣ ಅದೊಂದೇ ಅಲ್ಲ ಎಂಬುದು ಗುಂಡಿಯಕ್ಕನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು.

"ಏನೇ ಕತ್ತರಿ, ರೇಡಿಯೋ ಸ್ಟೇಷನ್ ಇಲ್ಲಿಗೇ ಶಿಫ್ಟ್ ಆಯ್ತಾ?"

"ಬಾಯಿ ಮುಚ್ಚಿ ಗುಂಡಿ ಹೊಲಿ ಅಕ್ಕಾ!"

ಒಂದು ಮಧ್ಯಾಹ್ನ ಅವಳು ಟೇಬಲಿನ ಮೇಲೆ ಬಟ್ಟೆಯ ಪದರ ಹಾಸುತ್ತಿದ್ದಳು. ಅವನು ಕೇಳದೆಯೇ ಇನ್ನೊಂದು ತುದಿ ಹಿಡಿದ.

"ಎಳೀಬೇಡಿ, ಸುಮ್ನೆ ಹಿಡ್ಕೊಳ್ಳಿ," ಎಂದಳು.

"ಒಂದು ವಿಷಯ ಹೇಳ್ಲಾ? ರೆಕಾರ್ಡಿಂಗಲ್ಲಿ ನಿಮ್ಮ ಕತ್ತರಿ ಸದ್ದು ಕೇಳುತ್ತೆ. ಆ ಹುಡುಗಿ ರಾಕ್ಷಸಿ ಬಾಗಿಲು ತಟ್ಟಿದ ಕೂಡ್ಲೇ ಅದು ನಿಲ್ಲುತ್ತೆ. ಪ್ರತಿ ಸಲಾನೂ. ಬಾಗಿಲು ತೆಗೆದ ಮೇಲೇ ಮತ್ತೆ ಶುರುವಾಗೋದು."

ಅವಳು ತಲೆ ತಗ್ಗಿಸಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಇಷ್ಟು ವರ್ಷದಲ್ಲಿ ಅವಳ ಕತ್ತರಿ ನಿಲ್ಲುವುದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಅವಳೂ ಕೇಳಿಸಿಕೊಂಡಿರಲಿಲ್ಲ.

'ಇಷ್ಟು ಸೂಕ್ಷ್ಮ ಕಿವಿ ಇದ್ದವನು…' ಮುಂದಿನದನ್ನು ಮನಸ್ಸಿನಲ್ಲೂ ಮುಗಿಸಲಿಲ್ಲ. ಮುಗಿಸುವ ಧೈರ್ಯ ಇರಲಿಲ್ಲ.

ಮರುವಾರ ಅವಳು ಅಂಗಡಿಗೆ ಬಂದಾಗ ಕಿಟಕಿಯ ಬಳಿಯ ಕುರ್ಚಿ ಖಾಲಿಯಿತ್ತು.

"ಅಜ್ಜಿ ಎಲ್ಲಿ ಚಿಕ್ಕಪ್ಪಾ?"

ಚಿಕ್ಕಪ್ಪ ಅಳತೆಯ ಟೇಪು ಸುತ್ತುತ್ತಾ ಅವಳ ಮುಖ ನೋಡದೆ ಹೇಳಿದ. "ಮೇಲಿನ ರೂಮಲ್ಲಿ ಇರ್ಲಿ. ಸೂಜಿ, ಇಸ್ತ್ರಿಪೆಟ್ಟಿಗೆ, ವೈರು… ಇಲ್ಲಿ ಬೇಡ. ಅಮ್ಮನಿಗೆ ಮರೆವು ಶುರುವಾಗಿದೆ."

"ಯಾರು ಹೇಳಿದ್ದು?"

"ನಿನ್ನ ರೇಡಿಯೋನೇ ಹೇಳಿದ್ದು. ಕಥೆಯ ಕೊನೆ ಒಂದೊಂದು ಸಲ ಒಂದೊಂದು ಥರ ಹೇಳ್ತಾರಂತೆ. ಡಾಕ್ಟರಿಗೆ ತೋರಿಸಿ ಅಂದ. ಓದಿದವನು, ಸುಳ್ಳು ಹೇಳ್ತಾನಾ?"

"ಅದು ಮರೆವಲ್ಲ ಚಿಕ್ಕಪ್ಪಾ! ಅಜ್ಜಿ ಕಥೆ ಹೇಳೋದೇ ಹಾಗೆ!"

"ನೀನು ಅವರ ಮುದ್ದಿನ ಮೊಮ್ಮಗಳು. ಹಾಗೇ ಅಂತೀಯ."

ಚಿಕ್ಕಪ್ಪ ಕೆಟ್ಟವನಲ್ಲ. ಹೆದರಿದ್ದ. ಹೆದರಿದವರ ಪ್ರೀತಿ ಬೀಗ ಹುಡುಕುತ್ತದೆ. ಮನೆಯವರು ಮೇಲಿನ ಕೋಣೆಯಲ್ಲಿ ಟಿವಿ ಹಾಕಿಕೊಟ್ಟರು, ಗ್ಯಾಸ್ ಒಲೆ ಹೊತ್ತಿಸಬಾರದು ಎಂದರು. ಮಗುವಿಗೆ ಹೇಳುವ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಅಜ್ಜಿಯೊಂದಿಗೆ ಮಾತಾಡತೊಡಗಿದರು.

ಸಂಜೆ ಅವಳು ಮೇಲೆ ಹೋದಾಗ ಅಜ್ಜಿ ಅವಳ ಕೈ ಹಿಡಿದುಕೊಂಡರು.

"ಮಗಾ, ನಿಜ ಹೇಳು… ನಾನು ತಪ್ಪು ತಪ್ಪು ಹೇಳ್ತಿದ್ದೀನಾ?"

ಕಣ್ಣು ಮಂಜಾದಾಗಲೂ ಅಂಜದೆ ಇದ್ದ ಹೆಂಗಸು ಅದು. ಈಗ ತನ್ನ ಮಾತಿಗೇ ಅಂಜುತ್ತಿತ್ತು!

"ಇಲ್ಲ ಅಜ್ಜಿ. ಹೇಳಿ, ಬೆಂಕಿ ತಂದ ಹುಡುಗಿ ಕಥೆ ಹೇಳಿ."

"ಬೇಡ ಮಗಾ. ಯಾವುದು ಸರಿಯೋ, ಯಾವುದು ತಪ್ಪೋ."

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದರು.

ಮರುದಿನ ಮೈಕು ಹಿಡಿದು ಬಂದವನನ್ನು ಅವಳು ಹೊಸ್ತಿಲಲ್ಲೇ ತಡೆದಳು.

"ನಿಮಗೆ ಕಿವಿ ಇದೆ ಅಂದ್ಕೊಂಡಿದ್ದೆ. ಬರೀ ಯಂತ್ರ ಇತ್ತು."

"ನಾನು ಒಳ್ಳೇದಕ್ಕೇ ಹೇಳಿದ್ದು… ನಮ್ಮಪ್ಪನಿಗೂ ಹೀಗೇ ಶುರುವಾಯ್ತು. ನಾವು ತಮಾಷೆ ಅಂದ್ಕೊಂಡ್ವಿ. ಗೊತ್ತಾಗೋ ಹೊತ್ತಿಗೆ ಅವರಿಗೆ ನನ್ನ ಗುರುತೇ ಇರ್ಲಿಲ್ಲ."

ಒಂದು ಕ್ಷಣ ಅವಳ ಮನಸ್ಸು ಮೆತ್ತಗಾಯಿತು. ಮೇಲಿನ ಕೋಣೆಯ ಟಿವಿ ಸದ್ದು ಕೇಳಿಸಿತು. ಮತ್ತೆ ಕಲ್ಲಾಯಿತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ನನ್ನ ಹತ್ರ ಒಂದೇ ಕಥೆಗೆ ನಾಲ್ಕು ಕೊನೆ ಇದೆ. ಯಾವುದು ಸರಿ, ನೀವೇ ಹೇಳಿ!"

"ಅಷ್ಟೂ ಸರಿ!"

"ಅದು ಹೇಗೆ ಸಾಧ್ಯ?"

"ಹೋಗಿ. ಮತ್ತೆ ಈ ಹೊಸ್ತಿಲು ತುಳೀಬೇಡಿ."

ಅವನು ಹೋದ. ಅವಳು ಆ ದಿನ ಮೂರು ಕಾಲರು ಹಾಳು ಮಾಡಿದಳು. ಗುಂಡಿಯಕ್ಕ ಹಾಳಾದ ತುಂಡುಗಳನ್ನು ಮೆಲ್ಲಗೆ ತನ್ನ ಬುಟ್ಟಿಗೆ ಹಾಕಿಕೊಂಡಳು.

ಸ್ಟುಡಿಯೋದಲ್ಲಿ ಅವನು ಹೆಡ್‌ಫೋನು ಹಾಕಿಕೊಂಡು ಕೂತ. ಕತ್ತರಿಸಿ ಅಂದಗೊಳಿಸಿದ ಪ್ರತಿಗಳನ್ನು ಬಿಟ್ಟು, ಮೊದಲಿನ ಒರಟು ರೆಕಾರ್ಡಿಂಗ್‌ಗಳನ್ನೇ ಹಾಕಿದ. ಕಥೆಗೆ ಮುಂಚಿನ ಮಾತನ್ನೆಲ್ಲ ಅವನು ಪ್ರತಿ ಸಲ ಕಸವೆಂದು ಕತ್ತರಿಸಿ ತೆಗೆಯುತ್ತಿದ್ದ. ಕೆಮ್ಮು, ನಗು… ಮತ್ತು ಆ ಪ್ರಶ್ನೆ.

"ಯಾರ್ಯಾರು ಕೂತಿದ್ದೀರಿ ಇವತ್ತು?"

ಒಂದು ದಿನ ಗುಂಡಿಯಕ್ಕ ಇದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದದ್ದನ್ನು ಅಜ್ಜಿಗೆ ಹೇಳಿಕೊಳ್ಳುತ್ತಿದ್ದಳು. ಅಂದು ಬೆಂಕಿ ತಂದ ಹುಡುಗಿ ಹಿಂದಿರುಗಲೇ ಇಲ್ಲ, ಹೊಳೆಯಾಚೆಗೇ ತನ್ನ ಒಲೆ ಹೂಡಿದಳು.

ಇನ್ನೊಂದು ದಿನ ಯೂನಿಫಾರ್ಮ್ ಅಳತೆಗೆ ಬಂದ ಮಕ್ಕಳಿದ್ದರು. ಅಂದು ರಾಕ್ಷಸಿ ಕೆಂಡದ ಮಡಕೆ ತಾನೇ ಹೊತ್ತು, ಹುಡುಗಿಯ ಹಿಂದೆ ಶಾಲೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಳು.

ಮತ್ತೊಂದು ದಿನ ಚಿಕ್ಕಪ್ಪ ಬಂದು ಕೂತಿದ್ದ. ಅಂದು ಹುಡುಗಿ ಮನೆಗೆ ಮರಳಿ, ಮಲತಾಯಿಗೂ ಅರ್ಧ ಕೆಂಡ ಕೊಟ್ಟಳು.

ಉಳಿದದ್ದು ಒಂದೇ. ಅವತ್ತು ಎಲ್ಲರೂ ಊಟಕ್ಕೆ ಹೋಗಿದ್ದರು.

"ಯಾರ್ಯಾರು ಕೂತಿದ್ದೀರಿ?"

"ನಾನೊಬ್ಬನೇ, ಅಜ್ಜಿ."

ಆ ಕೊನೆಯನ್ನು ಅವನು ತೀರಾ ತಪ್ಪೆಂದು ಬದಿಗೆ ಇಟ್ಟಿದ್ದ. ಈಗ ಕಣ್ಣು ಮುಚ್ಚಿ ಕೇಳಿದ.

"ದಾರೀಲಿ ಹುಡುಗಿ ಮಡಕೆ ಇಳಿಸಿ ಕೂತಳು. ಒಬ್ಬ ದಾರಿಹೋಕ ಬಂದ. ಚಳೀಲಿ ನಡುಗ್ತಿದ್ದ. ಕೆಂಡಕ್ಕೆ ಕೈ ಕಾಯಿಸ್ಕೊಂಡ. ಕೆಂಡ ಎಷ್ಟಿದೆ, ಹೇಗಿದೆ ಅಂತೆಲ್ಲ ನೋಡ್ದ. ಹೊತ್ತು ತಂದವಳನ್ನ ಒಂದು ಮಾತೂ ಕೇಳ್ಲಿಲ್ಲ. ಎದ್ದು ಹೋದ. ದೂರ ಹೋದ ಮೇಲೆ ಕೈ ಮತ್ತೆ ತಣ್ಣಗಾಯ್ತು ನೋಡು… ಆಗ ತಿರುಗಿ ನೋಡ್ದ."

ಅವನ ಕೈ ನಿಜಕ್ಕೂ ತಣ್ಣಗಾಗಿತ್ತು. ಕಥೆಯನ್ನು ಒಂದು ಸರಕು ಎಂದುಕೊಂಡು ಅವನು ಸಂಗ್ರಹಿಸುತ್ತಿದ್ದ. ಅಜ್ಜಿ ಮಾತ್ರ ಪ್ರತಿ ಸಲ ಎದುರಿದ್ದವರ ಮೈಯಳತೆ ತೆಗೆದು ಹೊಲಿದಿದ್ದರು. ಕಣ್ಣಿಲ್ಲದೆ!

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಅದೇ ನೆರಳು.

ಅವಳ ಕತ್ತರಿ ನಿಂತಿತು. "ತುಳೀಬೇಡಿ ಅಂದಿದ್ದೆ."

"ತುಳಿದಿಲ್ಲ. ಹೊಸ್ತಿಲ ಆಚೆಗೇ ನಿಂತಿದ್ದೀನಿ. ಚಿಕ್ಕಪ್ಪಾ, ನಾನು ಹೇಳಿದ್ದು ತಪ್ಪು. ನೀವು ಕಥೆ ಕೇಳಿದ ದಿನ ಹುಡುಗಿ ಮನೆಗೆ ವಾಪಸ್ ಬಂದಳು, ಅರ್ಧ ಕೆಂಡ ಕೊಟ್ಟಳು. ಆವತ್ತು ನಿಮ್ಮ ಮನೇಲಿ ಏನಾಗಿತ್ತು?"

ಚಿಕ್ಕಪ್ಪನ ಕೈಯ ಟೇಪು ಜಾರಿತು.

"ನಮ್ಮಕ್ಕನ ಜೊತೆ ಮಾತು ಬಿಟ್ಟಿದ್ದೆ… ಅವತ್ತೇ ಸಂಜೆ ಯಾಕೋ ಫೋನ್ ಮಾಡಿದೆ." ಮೆಟ್ಟಿಲ ಕಡೆ ನೋಡಿದ. "ಅಮ್ಮ ಬೇಕಂತ್ಲೇ ಹಾಗೆ ಹೇಳಿದ್ದಾ?"

"ಮತ್ತೇನು, ಬೇಡಾಂತ ಹೇಳ್ತಾರಾ?" ಗುಂಡಿಯಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು. "ನಾನು ಆ ಕಥೆ ಹಿಡ್ಕೊಂಡೇ ಇಲ್ಲೀವರೆಗೂ ಬದುಕಿದ್ದೀನಿ."

ಕತ್ತರಿ ಯಾರ ಮಾತಿಗೂ ಕಾಯದೆ ಮೆಟ್ಟಿಲು ಹತ್ತಿದಳು.

"ಅಜ್ಜಿ, ಕೆಳಗೆ ಬನ್ನಿ. ಒಬ್ಬ ನಿಮ್ಮ ಕಥೆ ಹಾಳು ಮಾಡೋಕೆ ಬಂದಿದ್ದಾನೆ."

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಕಥೆ ನೀವೇ ಹೇಳಿ ಎಂದು ಅವನನ್ನು ಒಳಗೆ ಕರೆದಳು. ಅವನು ನೆಲದ ಮೇಲೆ ಕೂತು ಶುರು ಮಾಡಿದ. ಎಷ್ಟು ಕೆಟ್ಟದಾಗಿ! ವಾರ್ತೆ ಓದುವ ಧಾಟಿಯಲ್ಲಿ.

"ಒಂದು ಊರಿನಲ್ಲಿ ಒಬ್ಬಳು ಹುಡುಗಿ. ಒಲೆ ಆರಿತು. ಅವಳು ಹೊಳೆ ದಾಟಿದಳು. ರಾಕ್ಷಸಿಯ ಬಾಗಿಲು ತಟ್ಟಿದಳು. ರಾಕ್ಷಸಿ ಬಾಗಿಲು ತೆಗೆದಳು."

"ನಿಲ್ಸೋ!"

ಎಲ್ಲರೂ ಬೆಚ್ಚಿದರು. ಅಜ್ಜಿ ಕುರ್ಚಿಯ ತುದಿಗೆ ಬಂದಿದ್ದರು.

"ತಟ್ಟಿದ ಕೂಡ್ಲೇ ಬಾಗಿಲು ತೆಗಿಯೋಕೆ ರಾಕ್ಷಸಿ ಏನು ಹೋಟೆಲ್ ಇಟ್ಟಿದ್ದಾಳೇನೋ? ಆ ಹುಡುಗಿ ಎದೆ ಹೊಡ್ಕೊಳ್ಳೋದು ಕೇಳ್ಬೇಡ್ವಾ? ಮಡಕೆ ನಡುಗೋದು ಕೇಳ್ಬೇಡ್ವಾ? ಆಚೆ ಸರಿ! ಯಾರ್ಯಾರು ಕೂತಿದ್ದೀರಿ ಇವತ್ತು?"

"ನಾನು, ಗುಂಡಿಯಕ್ಕ!"

"ನಾನು… ನಿನ್ನ ಮಗ, ಅಮ್ಮಾ." ಚಿಕ್ಕಪ್ಪನ ದನಿ ಒಡೆದಿತ್ತು.

"ನಾನು, ಕತ್ತರಿ."

"ನಾನು, ರೇಡಿಯೋ."

"ಮೈಕು?"

"ತಂದಿಲ್ಲ ಅಜ್ಜಿ. ಕೇಳೋಕೆ ಬಂದಿದ್ದೀನಿ."

ಮೆಷಿನ್‌ಗಳು ಓಡುತ್ತಲೇ ಇದ್ದವು. ಕಥೆಯೂ ಓಡಿತು. ರಾಕ್ಷಸಿಯ ಬಾಗಿಲ ಮುಂದೆ ಕತ್ತರಿಯ ಸದ್ದು ನಿಂತಿತು. ಈ ಸಲ ಅವಳೇ ಅದನ್ನು ಕೇಳಿಸಿಕೊಂಡಳು. ತಲೆ ಎತ್ತಿದರೆ, ಅವನು ಅವಳತ್ತಲೇ ನೋಡುತ್ತಿದ್ದ.

"…ಕೈ ತಣ್ಣಗಾದ ದಾರಿಹೋಕ ತಿರುಗಿ ಬಂದ," ಎಂದರು ಅಜ್ಜಿ. "ಬಂದು ನಿಂತ. ಅಷ್ಟೇ. ಮುಂದಿನದು ನಂದಲ್ಲ. ಕೆಂಡ ಹೊತ್ತವಳದ್ದು."

"ಅಯ್ಯೋ ಅಜ್ಜಿ, ಕೊನೆ ಹೇಳಿ!" ಗುಂಡಿಯಕ್ಕ ಕೂಗಿದಳು.

"ಎಲ್ಲಾ ನಾನೇ ಹೊಲಿದ್ರೆ ನೀವೆಲ್ಲ ಯಾಕಿದ್ದೀರಿ?"

ಸಂಜೆ ಎಲ್ಲರೂ ಹೊರಟರು. ಗುಂಡಿಯಕ್ಕ ಎಂದೂ ಇಲ್ಲದವಳು ಅಂದು ಬಾಗಿಲು ಎಳೆದುಕೊಂಡು ಹೋದಳು. ಕತ್ತರಿ ನಾಳೆಯ ಬಟ್ಟೆ ಹಾಸುತ್ತಿದ್ದಳು. ಅವನು ಇನ್ನೊಂದು ತುದಿ ಹಿಡಿದ. ಎಳೆಯಲಿಲ್ಲ.

"ಕೋಪ ಇದೆಯಾ ಇನ್ನೂ?"

"ಇದೆ."

"ಎಷ್ಟು?"

"ಅಳತೆ ತೆಗೆದಿಲ್ಲ."

ಅವನು ನಗಲಿಲ್ಲ. "ನಿಮ್ಮನ್ನ ಕೇಳ್ಬೇಕಿತ್ತು. ನಿಮ್ಮ ಕತ್ತರಿ ನಿಲ್ಲೋದು ಕೇಳಿಸ್ತಿತ್ತು ನನಗೆ, ನೀವು ಕೇಳಿಸ್ಲಿಲ್ಲ. ತಪ್ಪಾಯ್ತು."

ಬಟ್ಟೆಯ ಮೇಲೆ ಅವಳ ಅಂಗೈ ಸುಕ್ಕು ತೀಡುತ್ತಾ ತೀಡುತ್ತಾ ಅವನ ಕೈಯವರೆಗೂ ಬಂತು. ಅಲ್ಲಿ ನಿಂತಿತು. ಅವನ ಬೆರಳು ತಣ್ಣಗಿದ್ದವು.

"ಆ ದಾರಿಹೋಕ ತಿರುಗಿ ಬಂದು ನಿಂತನಲ್ಲ," ಎಂದಳು. "ಮುಂದೆ?"

"ಗೊತ್ತಿಲ್ಲ. ಕೇಳೋರು ಯಾರು ಅನ್ನೋದರ ಮೇಲಿದೆ." ಅವನು ಅಜ್ಜಿಯ ಧಾಟಿಯಲ್ಲೇ ಕೇಳಿದ. "ಯಾರ್ಯಾರು ಕೂತಿದ್ದೀರಿ?"

ಅವಳು ಕತ್ತರಿಯನ್ನು ಟೇಬಲಿನ ಮೇಲಿಟ್ಟಳು. ಅವನ ಎದುರು ಸ್ಟೂಲು ಎಳೆದುಕೊಂಡು ಕೂತಳು.

"ನಾನೊಬ್ಬಳೇ," ಎಂದಳು. "ಹೇಳು."